ಕಿಟಕಿಯ ಕಡೆ ತಿರುಗಿ ನಿಂತವರು

ಒಂದು ವಿಷಯವನ್ನು ತಿಳಿಯದೇ ಇರಲು ಅಷ್ಟು ಶ್ರಮಪಟ್ಟವರನ್ನು ನಾನು ಮತ್ತೆ ಕಂಡಿಲ್ಲ. ನುಂಗಂಬಾಕ್ಕಂನ ನಮ್ಮ ಆಫೀಸಿನ ಹಿರಿಯ ಮೇಡಂ ಅವರು. ಅಜ್ಜನ ಕಾಲದಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದವರು. ಕಾರ್ಖಾನೆಗಳ ಮ್ಯಾನೇಜರುಗಳಿಗೆ ಫೋನ್ ಮಾಡಿ, ಕೆಲಸ ಹೇಗೆ ನಡೆಸುತ್ತಾರೆಂದು ಕೇಳಿ ಅಂಕ ಹಾಕುವುದು ನಮ್ಮ ಸಮೀಕ್ಷೆ. ಕಂಪನಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಕೇಳುವವರಿಗೆ ಗೊತ್ತಿರಬಾರದು. ಗೊತ್ತಾದರೆ ಅಂಕ ಅತ್ತ ವಾಲುತ್ತದೆ. ಅದಕ್ಕೇ ಮೇಡಂ ಪೇಪರಿನ ವಾಣಿಜ್ಯ ಪುಟ ಓದುವುದನ್ನೇ ಬಿಟ್ಟಿದ್ದರು. ಯಾರು ಎಷ್ಟು ಕೊಚ್ಚಿಕೊಂಡರೂ ತಮಿಳಿನಲ್ಲಿ ಮೆಲ್ಲಗೆ, "ಅದಿರಲಿ ಸಾರ್, ಹೋದ ಸಲ ಮೆಷಿನ್ ನಿಂತಾಗ ಏನು ಮಾಡಿದಿರಿ?" ಎನ್ನುವರು.

ವಾರಗಟ್ಟಲೆ ಬೆನ್ನು ಹತ್ತಿದ ಮೇಲೆ ಸಿಕ್ಕ ಮ್ಯಾನೇಜರೊಬ್ಬ ಫೋನೆತ್ತಿದ ಕೂಡಲೇ ಲಾಭನಷ್ಟವನ್ನೆಲ್ಲ ಒದರಿಬಿಟ್ಟ. ಆ ಮಾತು ಇನ್ನೆತ್ತಬೇಡಿ ಎಂದು ಕೇಳಿಕೊಂಡು, ಮರುದಿನದ ಸಮಯ ಗೊತ್ತುಮಾಡಿ ಮೇಡಂ ಫೋನಿಟ್ಟರು.

"ಕಿವಿಗೆ ಬಿದ್ದೋಯ್ತು ಪಾ. ಇನ್ನು ನಾನ್ ಮಾರ್ಕ್ಸ್ ಹಾಕ್ಬಾರ್ದು. ನಾಳೆ ನೀವು ಮಾತಾಡಿ."

"ಇಷ್ಟು ದಿನ ಕಷ್ಟಪಟ್ಟಿದ್ದು ನೀವಲ್ವಾ ಮೇಡಂ? ಯಾರಿಗೆ ಗೊತ್ತಾಗತ್ತೆ?"

"ನಂಗೇ ಗೊತ್ತಾಗೋಯ್ತಲ್ಲ!"

ಮರುದಿನ ನಾನು ಫೋನ್ ಹಿಡಿದಾಗ ಅವರು ಕಿಟಕಿಯ ಕಡೆ ತಿರುಗಿ ನಿಂತರು. "ನನ್ ಮುಖ ನೋಡ್ಬೇಡಿ, ತಿಳಿದುಬಿಡತ್ತೆ."

ಮಾತು ಮುಗಿಯುವವರೆಗೂ ಆ ಬೆನ್ನು ಅಲುಗಲಿಲ್ಲ. ಆ ಕಾರ್ಖಾನೆ ಲಾಭ ಮಾಡಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.