ಗೀಟು ಎಳೆಯದ ಮೂರು ಬೋಲ್ಟು

ಐದನೆಯ ಬೋಲ್ಟು ಬಿಗಿದು ಆರನೆಯದಕ್ಕೆ ಕೈ ಹಾಕಿದ್ದೆ.

ಸ್ಪ್ಯಾನರ್ ಬಿತ್ತು.

ಎತ್ತಿಕೊಂಡೆ. ಮತ್ತೆ ಬಿತ್ತು. ಬಲಗೈ ಜೋಮು ಹಿಡಿದ ಹಾಗಿತ್ತು. ಗ್ರೀಸಿಗೆ ಜಾರುತ್ತಿರಬೇಕು, ತೊಳೆದು ಬರೋಣ ಎಂದು ನಲ್ಲಿಯ ಹತ್ತಿರ ಹೋದೆ. ಸೋಪು ಹಿಡಿದದ್ದು ನೆನಪಿದೆ. ಅಲ್ಲೇ ಕುಸಿದೆನಂತೆ.

ಪೀಣ್ಯದಲ್ಲಿ ತಗಡಿನ ಡಬ್ಬ ಮಾಡುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮೇಂಟೆನೆನ್ಸ್ ಫಿಟ್ಟರ್. ಆ ಬೆಳಿಗ್ಗೆ ಪ್ರೆಸ್ಸಿನ ಡೈ ಬದಲಾಯಿಸುತ್ತಿದ್ದೆ. ಡೈ ಎಂದರೆ ಮೇಲಿನಿಂದ ಇಳಿದು ತಗಡು ಕತ್ತರಿಸುವ ಉಕ್ಕಿನ ಅಚ್ಚು. ಎಂಟು ಬೋಲ್ಟುಗಳು ಅದನ್ನು ಹಿಡಿದಿರುತ್ತವೆ. ಶುರು ಮಾಡುವ ಮುಂಚೆ ಮೇನ್ ಸ್ವಿಚ್ಚಿಗೆ ನನ್ನ ಬೀಗ ಹಾಕಿ ಕೀ ಜೇಬಿಗಿಟ್ಟುಕೊಂಡಿದ್ದೆ. ಆ ಕೀ ಇಲ್ಲದೆ ಯಾರೂ ಪ್ರೆಸ್ಸು ಓಡಿಸುವ ಹಾಗಿಲ್ಲ.

"ಸ್ಟ್ರೋಕ್," ಎಂದರು ಡಾಕ್ಟರ್. ಮೆದುಳಿನ ಎಡಭಾಗದಲ್ಲಿ ಕ್ಲಾಟ್. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ಕೇಳಿಸಿದ್ದೆಲ್ಲ ಮಾತ್ರ ಅರ್ಥವಾಗುತ್ತಿತ್ತು.

"ಬಿಪಿ ಮಾತ್ರೆ ತಗೋತಿದ್ರಾ?" ಎಂದು ನನ್ನ ಹೆಂಡತಿ ಸರೋಜಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಮೆಷಿನ್ನುಗಳಿಗೆ ಒಂದು ದಿನವೂ ಎಣ್ಣೆ ತಪ್ಪಿಸದ ಭೂಪ, ಎರಡು ತಿಂಗಳಿಂದ ಮಾತ್ರೆ ನಿಲ್ಲಿಸಿದ್ದೆ. ಅವಳಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಮುನಿರಾಜು ಬಂದ. ನನ್ನ ಜೊತೆಯ ಫಿಟ್ಟರ್, ಓಕಳಿಪುರದವನು. ನನ್ನನ್ನು ನೋಡಿ ಕಣ್ಣು ಒರೆಸಿಕೊಂಡ. ಆಮೇಲೆ ಸಂಕೋಚದಿಂದ ಸರೋಜಳಿಗೆ ಹೇಳಿದ:

"ಅತ್ತಿಗೆ, ಅಣ್ಣನ ಜೇಬಲ್ಲಿ ಒಂದು ಕೀ ಇತ್ತು, ಕೊಡ್ತೀರಾ? ಕೆಲಸ ಮುಗ್ಸಿ ಕೈ ತೊಳ್ಕೋತಿದ್ರು, ಅಷ್ಟರಲ್ಲಿ ಹಿಂಗಾಗೋಯ್ತು. ಪ್ರೆಸ್ಸು ಬೆಳಿಗ್ಗೆಯಿಂದ ನಿಂತಿದೆ."

ಕೆಲಸ ಮುಗಿದಿರಲಿಲ್ಲ.

ಅವನ ತಪ್ಪಲ್ಲ. ಕೆಲಸ ಮುಗಿಯದೆ ನಾನು ಕೈ ತೊಳೆಯುವವನಲ್ಲ ಎಂದು ಇಡೀ ಕಾರ್ಖಾನೆಗೆ ಗೊತ್ತು. ಉಳಿದ ಮೂರು ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದೆ ಅಷ್ಟೇ. ನೋಡುವುದಕ್ಕೆ ಅವೂ ಬಿಗಿಯಾದವುಗಳ ಹಾಗೆಯೇ ಕಾಣುತ್ತವೆ. ಆ ಪ್ರೆಸ್ಸಿಗೆ ತಗಡು ಕೊಡುವವಳು ಮಂಜುಳಾ, ನನ್ನ ಮಗಳ ವಯಸ್ಸಿನವಳು. ಡೈ ಕಳಚಿದರೆ ಅವಳ ಎರಡು ಕೈಗಳು ಏನಾಗುತ್ತವೆ ಎಂದು ನನಗೆ ಗೊತ್ತಿತ್ತು.

ಆಸ್ಪತ್ರೆಯವರು ನನ್ನ ಜೇಬಿನಿಂದ ತೆಗೆದುಕೊಟ್ಟಿದ್ದ ಕೀಯನ್ನು ಸರೋಜ ಪರ್ಸಿನಿಂದ ತೆಗೆದಳು. ಎಡಗೈಯಿಂದ ಅದನ್ನು ಕಿತ್ತುಕೊಂಡೆ. ಮಾತಾಡಲು ಹೋದರೆ "ಬ... ಬ..." ಅಷ್ಟೇ ಹೊರಟಿತು.

"ಕೆಲಸದ ಚಿಂತೆ ಬಿಡಣ್ಣ," ಎಂದ ಮುನಿರಾಜು. ನರ್ಸ್ ಭುಜ ಒತ್ತಿ ಮಲಗಿಸಿದರು. ಎಲ್ಲರ ಮೇಲೂ ಕೆಟ್ಟ ಕೋಪ ಬಂತು. ನನ್ನ ಬಾಯಿಯ ಮೇಲೆ ಎಲ್ಲಕ್ಕಿಂತ ಹೆಚ್ಚು.

ಕೀಯನ್ನು ಅಂಗೈಯಲ್ಲಿ ಬಿಗಿಹಿಡಿದು, ತೋರುಬೆರಳಿನಿಂದ ಹೊದಿಕೆಯ ಮೇಲೆ ಗೀಟು ಎಳೆದೆ. ಮತ್ತೆ ಎಳೆದೆ. ಮತ್ತೆ.

ಬೋಲ್ಟು ಬಿಗಿಯಾದ ಮೇಲೆ ಅದರ ತಲೆಯ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೀಟು ಎಳೆಯುವುದು ನನ್ನ ಅಭ್ಯಾಸ. ಗೀಟಿದ್ದರೆ ಮುಗಿದಿದೆ ಎಂದರ್ಥ. ಶ್ರೀರಾಂಪುರದ ನಮ್ಮ ಮನೆಯಲ್ಲೂ ಅಷ್ಟೇ, ಫ್ಯಾನಾಗಲಿ ಕುಕ್ಕರಿನ ಹಿಡಿಯಾಗಲಿ, ರಿಪೇರಿ ಮಾಡಿದ ಮೇಲೆ ಸರೋಜಳ ರಂಗೋಲಿ ಚಾಕ್‌ಪೀಸ್ ಎತ್ತಿಕೊಂಡು ಗೀಟು ಎಳೆದು ಬೈಸಿಕೊಳ್ಳುತ್ತೇನೆ.

ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು.

"ಗೀಟು ಎಳೆದಿಲ್ವೇನ್ರೀ?"

ಇಲ್ಲ ಎಂದು ತಲೆ ಆಡಿಸಿದೆ. ಮುನಿರಾಜುವಿನ ಮುಖ ಬಿಳಿಚಿಕೊಂಡಿತು. ಆಗ ಮುಷ್ಟಿ ಬಿಚ್ಚಿದೆ.

ಸಂಜೆ ಅವನ ಫೋನು ಬಂತು. ಸರೋಜ ಸ್ಪೀಕರಿಗೆ ಹಾಕಿದಳು. "ಮೂರಕ್ಕೆ ಗೀಟಿರ್ಲಿಲ್ಲ ಅತ್ತಿಗೆ. ಮೂರೂ ಬೆರಳಲ್ಲೇ ತಿರುಗಿದ್ವು. ಬಿಗಿ ಮಾಡ್ದೆ, ಅಣ್ಣಂಗೆ ಹೇಳಿ." ನಾನು ಗಟ್ಟಿಯಾಗಿ ಅತ್ತೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನಾಚಿಕೆಯಾಗಲಿಲ್ಲ.

ಇದೆಲ್ಲ ಆಗಿ ಐದು ತಿಂಗಳು. ಮಲ್ಲೇಶ್ವರಕ್ಕೆ ಆಟೋದಲ್ಲಿ ಫಿಸಿಯೋಥೆರಪಿಗೆ ಹೋಗುತ್ತೇನೆ. ಮಾತು ಒಂದೊಂದೇ ಬರುತ್ತಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಷ್ಟು ವರ್ಷ ಗ್ರೀಸಾದ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುವಾಗ ಹೆಂಡತಿ ತಿನ್ನಿಸುವ ಮೊಸರನ್ನ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಚಮಚ ನಾನೇ ಹಿಡಿಯುತ್ತೇನೆ. ಕಾರ್ಖಾನೆಯಲ್ಲಿ ಸ್ಟೋರ್ಸಿನಲ್ಲಿ ಕೂರಿಸುತ್ತೇವೆ ಎಂದಿದ್ದಾರೆ. ಸ್ಪ್ಯಾನರ್ ಹಿಡಿಯುವ ಕೆಲಸ ಇನ್ನಿಲ್ಲ. ಅದು ನೋಯುತ್ತದೆ.

ಮೊನ್ನೆ ಕುಕ್ಕರಿನ ಹಿಡಿ ಸಡಿಲವಾಯಿತು. ಬಲಗೈಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಕೂತೆ. ಕಾಲು ಗಂಟೆ ಹಿಡಿಯಿತು. ಸರೋಜ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಳು. ಚಾಕ್‌ಪೀಸ್ ಎತ್ತಿಕೊಂಡವನು ತಡೆದೆ. ಬಿಗಿಯಾಯಿತೋ ಇಲ್ಲವೋ, ಈ ಕೈಗೆ ತಿಳಿಯಲಿಲ್ಲ.

"ನೀ... ನೋಡು," ಎಂದು ಸ್ಕ್ರೂಡ್ರೈವರ್ ಅವಳಿಗೆ ಕೊಟ್ಟೆ.

ಅವಳು ತಿರುಗಿಸಿದಳು. "ಇನ್ನೂ ಅರ್ಧ ಸುತ್ತು ಹೋಯ್ತು ರೀ. ಈಗ ಗಟ್ಟಿ."

ಗೀಟು ನಾನೇ ಎಳೆದೆ. ಸೊಟ್ಟಗೆ ಬಂತು. ಸರೋಜ ಅಕ್ಕಿ ತೊಳೆದು ಹಾಕಿ, ಮುಚ್ಚಳ ಮುಚ್ಚಿ, ಗ್ಯಾಸ್ ಹಚ್ಚಿದಳು.