ಟುವಾಲಿನ ಕೆಳಗೆ ಉಸಿರಿನ ಲೆಕ್ಕ

೧೯೭೬ರ ಬೇಸಿಗೆ. ಆಗ ನಾನು ತಿಕೋಟಾದಲ್ಲಿದ್ದು ಎತ್ತಿನ ದಲಾಲಿ ಮಾಡುತ್ತಿದ್ದೆ. ಬಬಲೇಶ್ವರದ ಕಾಸೀಮಣ್ಣ ನನ್ನ ಪಾಲುದಾರ. ದನದ ಪೇಟೆಯಲ್ಲಿ ನಾವು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ; ಟುವಾಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಮುಖದಲ್ಲಿ ಏನೂ ಕಾಣಬಾರದು. ಕಾಸೀಮಣ್ಣನ ಮುಖವಂತೂ ಕಲ್ಲು.

ಅವನ ಕಿಡ್ನಿಯಲ್ಲಿ ಹರಳಿರಬಹುದೆಂದು ವಿಜಾಪುರದ ಸ್ಟೇಷನ್ ರಸ್ತೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಸಲು ಹೋದೆವು. ಫಿಲ್ಮಿನಲ್ಲಿ ಕಿಡ್ನಿ ಸ್ಪಷ್ಟವಾಗಿ ಕಾಣಲೆಂದು ಮೊದಲು ನರಕ್ಕೆ 'ಡೈ' ಎಂಬ ಔಷಧಿ ಕೊಡುತ್ತಾರೆ. ಹೊರಗಿನವರು ಒಳಗಿರಬಾರದು ಎಂದರು ಸಿಸ್ಟರ್. "ಫೋಟೋ ತಗಿಯೂತನಾರ ನಿಂದರ್ತೀನ್ರಿ ಬಾಯಾರ" ಎಂದು ಸಿಸ್ಟರ್ ಜೊತೆ ಚೌಕಾಸಿ ಮಾಡಿ ನಿಂತೆ. ಕೇಳಿದರೆ ತಾನೇ ಸಿಗುವುದು.

ಡಾಕ್ಟರು ಔಷಧಿ ಕೊಡುತ್ತಿರುವಾಗ ಸಿಸ್ಟರ್ ಕೇಳಿದರು, "ಮೈ ತುರಸ್ತೈತೇನ್ರಿ? ಉಸರು ಬಿಗೀತೈತೇನ್ರಿ?"

"ಏನೂ ಇಲ್ರಿ, ಆರಾಮದೀನಿ" ಎಂದ ಕಾಸೀಮಣ್ಣ.

ಸಿಸ್ಟರ್ ಅವನ ಅಂಗಿ ಸರಿಸಿ ನೋಡಿದರು. ಕುತ್ತಿಗೆ ತುಂಬ ಕೆಂಪು ದದ್ದು; ಡೈ ಅವನಿಗೆ ಒಗ್ಗಿರಲಿಲ್ಲ. "ಡಾಕ್ಟ್ರೇ, ನಿಲ್ಲಸ್ರಿ" ಎಂದರು. ಅಷ್ಟರಲ್ಲಿ ತುಟಿ ಬಾತು, ಗಂಟಲು ಕಟ್ಟಿ ಅವನಿಗೆ ಮಾತೇ ಹೊರಡದಾಯಿತು. ಸಿಸ್ಟರ್ ಕಾಲಿನ ಕೆಳಗೆ ಕಂಬಳಿ ಮಡಚಿಟ್ಟರು, ಆಕ್ಸಿಜನ್ ಹಚ್ಚಿದರು, ಡಾಕ್ಟರು ಹೇಳಿದ ಕೂಡಲೇ ಅಡ್ರಿನಲಿನ್ ಇಂಜೆಕ್ಷನ್ ಚುಚ್ಚಿದರು. "ಈಗ ಉಸರು ಹಗೂರಾತೇನ್ರಿ?" ಎಂದರೆ ಈ ಪುಣ್ಯಾತ್ಮ ಹೌದೆಂದು ತಲೆಯಾಡಿಸಿದ.

ನನಗೆ ಆ ತಲೆಯಾಟ ಗೊತ್ತು. ಕುಂಟುವ ಎತ್ತು ಮಾರುವಾಗಲೂ ಹಾಗೇ ಆಡಿಸುತ್ತಿದ್ದ. ಹೆಗಲ ಟುವಾಲಿನಿಂದ ಅವನ ಕೈ ಮುಚ್ಚಿ, ನನ್ನ ಬೆರಳು ಹಿಡಿಸಿದೆ. "ಉಸರು ಹದಿನಾರಾಣೆದಾಗ ಎಷ್ಟೈತಿ? ಬೆರಳಿಗೆ ನಾಕಾಣೆ. ಸುಳ್ಳ ಹೇಳಿದ್ರ ಪಾಲುದಾರಿಕಿ ಮುಗೀತ್ ನೋಡು."

ಒಂದೇ ಬೆರಳು ಹಿಡಿದ.

"ನಾಕಾಣೆ ಅಂತಾನ್ರಿ ಬಾಯಾರ."

ಸಿಸ್ಟರ್ ನಗಲಿಲ್ಲ. ಬಿ.ಪಿ. ನೋಡಿ, "ಡಾಕ್ಟ್ರೇ, ಬಿದ್ದ ಬಿ.ಪಿ. ಇನ್ನೂ ಏರಿಲ್ರಿ, ಉಸರೂ ನಾಕಾಣೇನ ಐತಂತ" ಎಂದರು. ಇನ್ನೊಂದು ಅಡ್ರಿನಲಿನ್ ಆಯಿತು, ಸಲಾಯಿನ್ ಓಡಿತು, ಆಮೇಲೆ ಅಲರ್ಜಿಯ ಇಂಜೆಕ್ಷನ್. ನಡುನಡುವೆ ನನಗೆ, "ಈಗ ದರ ಎಷ್ಟಾತ್ ಕೇಳ್ರಿ" ಎನ್ನುವರು. ಎರಡು ಬೆರಳಾಯಿತು. ಬಹಳ ಹೊತ್ತಿಗೆ ಮೂರಾಯಿತು. ನಾಲ್ಕನೆಯದನ್ನು ಹಿಡಿಯದೆ ಅವನೇ ದನಿ ತೆಗೆದ: "ಕೈ ಬಿಡಲೇ, ಬೆವತೈತಿ."

ಮರುದಿನದವರೆಗೆ ಅವನನ್ನು ಅಲ್ಲೇ ಇಟ್ಟುಕೊಂಡರು. ತುರಿಕೆ ಯಾವಾಗ ಶುರುವಾಯಿತು ಎಂದು ಸಿಸ್ಟರ್ ಕೇಳಿದಾಗ, ಡೈಯ ಸೂಜಿ ಇನ್ನೂ ತೋಳಿನಲ್ಲಿದ್ದಾಗಲೇ ಎಂದು ಒಪ್ಪಿಕೊಂಡ.

"ಮತ್ತ್ಯಾಕ ಮುಚ್ಚಿಟ್ರಿ? ಇಲ್ಲಿ ಯಾರೂ ನಿಮ್ಮ ಎತ್ತ ಕೊಳ್ಳಾಕ ಬಂದಿಲ್ಲ" ಎಂದರು ಅವರು.

ಓದುವವರಿಗೆ ನನ್ನದೂ ಅದೇ ಮಾತು. ಹಿಂದೆ ಯಾವ ಔಷಧಿ ಒಗ್ಗಿಲ್ಲವೋ ಅದನ್ನು ಸೂಜಿ ಹಾಕುವ ಮೊದಲೇ ಹೇಳಿ. ಮೈ ತುರಿಸಿದರೆ, ಎದೆ ಬಿಗಿದರೆ ಆ ಕ್ಷಣವೇ ಹೇಳಿ. ಗಟ್ಟಿತನ ತೋರಿಸಲು ಬೇರೆ ಜಾಗಗಳಿವೆ.

ಕಾಸೀಮಣ್ಣ ಆಮೇಲೆ ಹಲ್ಲು ಕೀಳಿಸಲು ಹೋದರೂ ಬಾಗಿಲಲ್ಲೇ ನಿಂತು, "ಮದ್ಲ ಹೇಳ್ತೀನ್ರಿ, ನನಗ ಎಕ್ಸ್‌ರೇ ಡೈ ಆಗೂದಿಲ್ಲ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಕೂತವರು ನಗುತ್ತಿದ್ದರು. ನನಗೆ ಮಾತ್ರ ಆ ಗಟ್ಟಿ ದನಿ ಕೇಳಿದಾಗಲೆಲ್ಲ ಎದೆ ಹಗುರಾಗುತ್ತಿತ್ತು.