ಬರೆಸಿಕೊಂಡ ರೆಕಾರ್ಡ್

ಮಗಳ ಕೆಮಿಸ್ಟ್ರಿ ರೆಕಾರ್ಡ್ ಬರೆಸಲು ನಾನು ಕೊಟ್ಟದ್ದು ನಾನೂರು ರೂಪಾಯಿ. ತುಮಕೂರಿನ ಶಿರಾ ಗೇಟಿನ ಜೆರಾಕ್ಸ್ ಅಂಗಡಿಯವನು ಆರುನೂರು ಹೇಳಿದ್ದ. ಪ್ರಯೋಗಗಳನ್ನು ಅಂದವಾಗಿ ಬರೆದು ಒಪ್ಪಿಸಿದರೆ ಮಾರ್ಕ್ಸ್ ಪೂರಾ ಬರುತ್ತದೆ, ಎಲ್ಲರೂ ಬರೆಸುತ್ತಾರೆ ಎಂದು ಮಗಳೇ ಹೇಳಿದ್ದಳು. ಚೇಳೂರಿನಲ್ಲಿ ಮನೆಮನೆಗೆ ಸೀರೆ ಹೊತ್ತು ಮಾರಿ ಅಂಗಡಿ ಮಾಡಿದವಳು ನಾನು. ಚೌಕಾಸಿಯಲ್ಲಿ ಗೆದ್ದೆನೆಂದು ಗುಬ್ಬಿ ಬಸ್ಸಿನಲ್ಲಿ ಬೀಗುತ್ತಾ ಬಂದೆ.

ಬಿಎಸ್ಸಿ ಮುಗಿಯಿತು. ಪ್ರಾಕ್ಟಿಕಲ್‌ನಲ್ಲಿ ಐವತ್ತಕ್ಕೆ ನಲವತ್ತೆಂಟು. ಕುಣಿಗಲ್ಲಿನ ಕೊತ್ತಗೆರೆ ಕಡೆಯ ಕೊಬ್ಬರಿ ಎಣ್ಣೆ ಮಿಲ್ಲಿನವರು ಲ್ಯಾಬ್ ಕೆಲಸಕ್ಕೆ ಕರೆದರು. ನಾನೂ ಜೊತೆಗೆ ಹೋಗಿ ಬಾಗಿಲಲ್ಲಿ ನಿಂತೆ. ಲ್ಯಾಬಿನ ಮೇಡಂ ಅಂಕಪಟ್ಟಿ ಬಿಚ್ಚಲೇ ಇಲ್ಲ. ಎಣ್ಣೆಯ ಆಮ್ಲ ಅಳೆಯುವ ಗಾಜಿನ ಕೊಳವೆ ತೋರಿಸಿ, "ಮಾಡಮ್ಮ" ಎಂದರು. ಹನಿಹನಿಯಾಗಿ ಬೀಳಬೇಕಾದದ್ದು ಮಗಳ ಕೈಯಲ್ಲಿ ಸುರಿದೇ ಹೋಯಿತು. ತಿಳಿಗುಲಾಬಿಗೆ ನಿಲ್ಲಬೇಕಿದ್ದ ಬಣ್ಣ ಬೀಟ್‌ರೂಟ್ ರಸದಂತಾಯಿತು.

"ಕಾಲೇಜಲ್ಲಿ ಮಾಡಿಲ್ವಾ?"

"ಎಂಟು ಜನಕ್ಕೆ ಒಂದು ಸೆಟ್ಟು ಮೇಡಂ. ಒಬ್ಳು ಮಾಡೋಳು, ನಾವು ರೀಡಿಂಗ್ ಬರ್ಕೊಳ್ತಿದ್ವಿ."

ಮೇಡಂ ಬೈಯಲಿಲ್ಲ. "ಸೋಮವಾರ ಬಾ. ಕೈ ಕೂತಿದ್ರೆ ಕೆಲಸ ನಿಂದೇ."

ಮರುದಿನ ತುಮಕೂರಿಗೆ ಓಡಿ ಕಾಲೇಜಿನ ಲ್ಯಾಬ್ ಅಟೆಂಡರನ್ನು ಹಿಡಿದೆ. "ಮಗಳ್ನ ಎರಡು ಗಂಟೆ ಲ್ಯಾಬಿನೊಳಗೆ ಬಿಡಣ್ಣ. ಹೋಗ್ಲಿ, ಒಂದೇ ಗಂಟೆ."

"ಪಾಸಾದೋರ್ನ ಬಿಡಂಗಿಲ್ಲ ಕಣಕ್ಕ. ನಲವತ್ತೆಂಟು ತಗೊಂಡವ್ಳೆ, ಇನ್ನೇನ್ ಕಲೀಬೇಕಂತೆ?" ಎಂದು ನಕ್ಕ.

ಗಾಜು ಒಡೆದರೆ ಕಟ್ಟಿಕೊಡುತ್ತೇನೆಂದೆ. ನಿನ್ನ ಹೆಂಡತಿಗೆ ಸೀರೆ ಕೊಡುತ್ತೇನೆಂದೆ. ಕೊನೆಗೆ ಕೈ ಮುಗಿದೆ.

"ಬುಡಕ್ಕ, ನನ್ ಕೆಲ್ಸ ಹೋಯ್ತದೆ."

ಭಾನುವಾರ ಪಕ್ಕದ ಮನೆಯ ನರ್ಸಮ್ಮನಿಂದ ಹೊಸ ಡ್ರಿಪ್ ಪೈಪು ಇಸಕೊಂಡು ಕಿಟಕಿಗೆ ಕಟ್ಟಿದೆವು. ಕೆಳಗೆ ಅರಿಶಿನದ ನೀರು, ಮೇಲಿಂದ ಸುಣ್ಣದ ತಿಳಿ. ಕೆಂಪೇರುವ ಹೊತ್ತಿಗೆ ನಿಲ್ಲಿಸಬೇಕು. ಮಗಳು ದಿನವಿಡೀ ಮಾಡಿದಳು. ಸೋಮವಾರ ಮಿಲ್ಲಿನಲ್ಲಿ ಹನಿ ಸರಿಯಾಗಿ ಬಿದ್ದಿತು, ಆದರೆ ಅದರಿಂದ ಆಮ್ಲ ಎಷ್ಟೆಂದು ಲೆಕ್ಕ ಹಾಕಲು ಬರಲಿಲ್ಲ. ಕೆಲಸ ಇನ್ನೊಬ್ಬಳಿಗೆ ಹೋಯಿತು.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿಯೇ ಹೇಳಿದಳು: "ರೆಕಾರ್ಡಲ್ಲಿ ಇನ್ನೂ ಹತ್ತೊಂಬತ್ತು ಪ್ರಯೋಗ ಅವೆ ಕಣವ್ವ. ಒಂದೂ ಬರಲ್ಲ."

 

ಆದ್ದರಿಂದ, ಮಗಳನ್ನು ಓದಿಸುತ್ತಿರುವ ನೀವು ಹೀಗೆ ಮಾಡಿ. ಮಾರ್ಕ್ಸ್ ಎಷ್ಟೆಂದು ಕೇಳುವ ಮೊದಲು ರೆಕಾರ್ಡಿನ ಯಾವುದಾದರೂ ಒಂದು ಪುಟ ತೆಗೆದು, "ಇದನ್ನು ನೀನೇ ಮಾಡಿದೆಯಾ?" ಎಂದು ಕೇಳಿ. ತಡವರಿಸಿದರೆ ಬೈಯಬೇಡಿ. ಆ ವಾರವೇ ಕಾಲೇಜಿಗೆ ಹೋಗಿ, ಮೇಷ್ಟ್ರ ಮುಂದೆ ಕೂತು, ಇವಳ ಕೈಯಲ್ಲೇ ಮಾಡಿಸಿ ಎಂದು ಹಟ ಹಿಡಿಯಿರಿ. ಐಡಿ ಕಾರ್ಡು ಕೊರಳಲ್ಲಿರುವಷ್ಟು ದಿನ ಮಾತ್ರ ಲ್ಯಾಬಿನೊಳಗೆ ಬಿಡುತ್ತಾರೆ.